ಬೋಲ್ಟಿನ ಒಳಗಿರುವ ಹೊಗೆ: ಯುರೋಪಿನ ಗಡಿ ಇಂಗಾಲ ತೆರಿಗೆಯ ಲೆಕ್ಕ ಕಲಿಯೋಣ

ಹೊಸ ತಿಪ್ಪಸಂದ್ರದಲ್ಲಿ ನಮ್ಮ ಮನೆಯ ಎದುರು ಇರುವ ಅಂಕಲ್ ಬಿಇಎಂಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗ ಮಹದೇವಪುರದ ಕಡೆ ಒಂದು ಶೆಡ್ಡಿನಲ್ಲಿ ಬೋಲ್ಟ್ ಮಾಡಿಸುತ್ತಾರೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮಾಡಿದ್ದರಲ್ಲಿ ಅರ್ಧ ಜರ್ಮನಿಗೆ ಹೋಗುತ್ತೆ. ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡ್ಕೊಂಡು ನಮ್ಮ ಮನೆಗೆ ಬಂದರು. "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದೇನು ಅಂತ ಸ್ವಲ್ಪ ನೋಡಿ ಹೇಳಪ್ಪ" ಅಂದರು.

ಅದೊಂದು ಎಕ್ಸೆಲ್ ಫೈಲು. ಅವರ ಬೋಲ್ಟ್ ಕೊಳ್ಳುವ ಕಂಪನಿ ಕಳಿಸಿದ್ದು. ಹತ್ತಾರು ಶೀಟ್‌ಗಳು, ನೂರಾರು ಖಾನೆಗಳು. ಎಲ್ಲದರ ಸಾರಾಂಶ ಒಂದೇ ಪ್ರಶ್ನೆ: ನಿಮ್ಮ ಒಂದು ಟನ್ ಬೋಲ್ಟ್ ತಯಾರಾಗುವಾಗ ಎಷ್ಟು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿದೆ? ಕೆಳಗೆ ಒಂದು ಸಾಲು: ಉತ್ತರ ಕೊಡದಿದ್ದರೆ ಮುಂದಿನ ಆರ್ಡರ್ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ.

ಆ ಫೈಲು ಬಿಡಿಸಲು ನನಗೆ ಮೂರು ವಾರ ಬೇಕಾಯಿತು. ನಮ್ಮ ಸಿಲಬಸ್‌ನಲ್ಲಿ ಇದು ಇಲ್ಲ. ಆದರೆ ಇದಕ್ಕೆ ಬೇಕಾದ ರಸಾಯನಶಾಸ್ತ್ರ, ಥರ್ಮೋಡೈನಾಮಿಕ್ಸ್, ಮ್ಯಾನುಫ್ಯಾಕ್ಚರಿಂಗ್ ಎಲ್ಲವೂ ಸಿಲಬಸ್‌ನಲ್ಲಿದೆ. ಕಲಿತದ್ದನ್ನು ಪಾಠದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಕೊಂಡು ಓದಿ.

1. ಏನಿದು ತೆರಿಗೆ?

ಇದರ ಹೆಸರು ಕಾರ್ಬನ್ ಬಾರ್ಡರ್ ಅಡ್ಜಸ್ಟ್‌ಮೆಂಟ್ ಮೆಕ್ಯಾನಿಸಂ. ಎಲ್ಲರೂ ಸಿಬ್ಯಾಮ್ ಅಂತಾರೆ. ಕನ್ನಡದಲ್ಲಿ ಗಡಿ ಇಂಗಾಲ ತೆರಿಗೆ ಅನ್ನೋಣ.

ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ಒಂದು ಇಂಗಾಲದ ಮಾರುಕಟ್ಟೆ ಇದೆ. ಅಲ್ಲಿನ ಉಕ್ಕು, ಸಿಮೆಂಟ್, ವಿದ್ಯುತ್ ಕಾರ್ಖಾನೆಗಳು ತಾವು ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು ಪರವಾನಗಿ ಒಪ್ಪಿಸಬೇಕು. ಉಕ್ಕಿನಂಥ ಉದ್ಯಮಗಳಿಗೆ ಹೆಚ್ಚಿನ ಪರವಾನಗಿ ಇಲ್ಲಿಯವರೆಗೆ ಪುಕ್ಕಟೆ ಸಿಗುತ್ತಿತ್ತು. ಕಾರಣ, ಪೂರ್ತಿ ದುಡ್ಡು ಕಟ್ಟಿಸಿಕೊಂಡರೆ ಕಾರ್ಖಾನೆಗಳು ಯುರೋಪ್ ಬಿಟ್ಟು ಇಂಗಾಲಕ್ಕೆ ಬೆಲೆಯಿಲ್ಲದ ದೇಶಗಳಿಗೆ ಹೋಗುತ್ತವೆ, ಹೊಗೆ ಜಾಗ ಬದಲಿಸುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂಬ ಭಯ. ಇದಕ್ಕೆ ಇಂಗಾಲದ ಸೋರಿಕೆ ಅಂತ ಹೆಸರು.

ಈಗ ಆ ಪುಕ್ಕಟೆ ಪರವಾನಗಿಯನ್ನು ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸುತ್ತಿದ್ದಾರೆ. ಅದರ ಜೊತೆಗೇ, ಹೊರಗಿನಿಂದ ಬರುವ ಸರಕಿಗೂ ಅಷ್ಟೇ ಬೆಲೆ ಹಾಕುತ್ತಿದ್ದಾರೆ. ಕಾನೂನು ಜಾರಿಗೆ ಬಂದದ್ದು 2023ರ ಮೇ ತಿಂಗಳಲ್ಲಿ. 2023ರ ಅಕ್ಟೋಬರ್ 1ರಿಂದ 2025ರ ಡಿಸೆಂಬರ್ 31ರವರೆಗೆ ಬರೀ ವರದಿ ಕೊಡುವ ಕಾಲ, ದುಡ್ಡಿಲ್ಲ. 2026ರ ಜನವರಿ 1ರಿಂದ ಬರುವ ಸರಕಿಗೆ ದುಡ್ಡು. ಆ ಸರ್ಟಿಫಿಕೇಟುಗಳ ಮಾರಾಟ 2027ರ ಫೆಬ್ರವರಿಯಲ್ಲಿ ಶುರು, ಆದರೆ ಲೆಕ್ಕ 2026ರಿಂದಲೇ.

ಕಟ್ಟುವವರು ಯಾರು? ಕಾಗದದ ಮೇಲೆ ಯುರೋಪಿನ ಆಮದುದಾರ. ಆದರೆ ಅಂಕಲ್ ಹೇಳಿದ್ದು ಸರಿ: "ಅವನು ಕಟ್ಟಿದ್ದನ್ನ ನನ್ನ ರೇಟಲ್ಲೇ ಮುರ್ಕೋತಾನೆ."

2. ಯಾವ ಸರಕಿಗೆ?

ಆರು ಗುಂಪು: ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್. ಉಕ್ಕು ಅಂದರೆ ಬರೀ ಉಕ್ಕಿನ ಹಾಳೆ ಅಲ್ಲ. ಕಸ್ಟಮ್ಸ್‌ನ ಎಚ್‌ಎಸ್ ಕೋಡ್ ನೋಡಬೇಕು. 7318 ಅಂದರೆ ಸ್ಕ್ರೂ, ಬೋಲ್ಟ್, ನಟ್, ವಾಷರ್; ಪಟ್ಟಿಯಲ್ಲಿದೆ. 7326, ಅಂದರೆ ಫೋರ್ಜಿಂಗ್ ಮುಂತಾದ ಇತರ ಉಕ್ಕಿನ ಸಾಮಾನು; ಅದೂ ಇದೆ. ಆದರೆ 7325, ಅಂದರೆ ಎರಕದ ಸಾಮಾನು, ಮೂಲ ಪಟ್ಟಿಯಲ್ಲಿ ಇಲ್ಲ. ಉಕ್ಕಿನಿಂದಲೇ ಮಾಡಿದರೂ ಮೆಷಿನ್ ಬಿಡಿಭಾಗ ಅಂತ 84ನೇ ಅಧ್ಯಾಯಕ್ಕೆ ಸೇರಿದ ಸರಕು ಕೂಡ ಅದರಲ್ಲಿಲ್ಲ. ಪಟ್ಟಿಯನ್ನು ಇಂಥ ಮುಂದಿನ ಹಂತದ ಸರಕಿಗೂ ಹಿಗ್ಗಿಸುವ ಪ್ರಸ್ತಾವ ಯುರೋಪಿನಲ್ಲಿದೆ. ಹಾಗಾಗಿ ಬೆಳಗಾವಿಯ ಫೌಂಡ್ರಿಯವರು ನಮಗೇನು ಅಂತ ಸುಮ್ಮನೆ ಕೂರುವ ಹಾಗಿಲ್ಲ.

ಇನ್ನೊಂದು ಅಚ್ಚರಿ: ಕಬ್ಬಿಣದ ಅದಿರಿಗೆ ತೆರಿಗೆ ಇಲ್ಲ, ಅದಿರಿನ ಉಂಡೆಗೆ ಇದೆ. ಕುದುರೆಮುಖದ ಗಣಿ 2005ರ ಕೊನೆಗೆ ಮುಚ್ಚಿದ ಮೇಲೂ ಕೆಐಒಸಿಎಲ್ ಮಂಗಳೂರಿನಲ್ಲಿ ಪೆಲೆಟ್ ಮಾಡುತ್ತಿದೆಯಲ್ಲ, ಅಂಥ ಪೆಲೆಟ್ ಪಟ್ಟಿಯೊಳಗೆ ಬರುತ್ತದೆ. ಯಾಕಂದ್ರೆ ಉಂಡೆ ಸುಡಲು ಇಂಧನ ಬೇಕು.

ಸಣ್ಣವರಿಗೆ ವಿನಾಯಿತಿ ಇಲ್ವಾ? ಇದೆ, ಆದರೆ ನಮ್ಮ ಕಡೆಯ ಸಣ್ಣವರಿಗಲ್ಲ. 2025ರ ತಿದ್ದುಪಡಿಯ ಪ್ರಕಾರ ಒಬ್ಬ ಆಮದುದಾರ ವರ್ಷಕ್ಕೆ ಒಟ್ಟು 50 ಟನ್ ಮೀರದಿದ್ದರೆ ಅವನಿಗೆ ಈ ತಲೆನೋವಿಲ್ಲ. ಅಂಕಲ್ ಕಳಿಸುವುದು ಬರೀ 20 ಟನ್ನೇ ಇರಲಿ, ಅವರಿಂದ ಕೊಳ್ಳುವವನು ಹತ್ತು ಕಡೆಯಿಂದ ಸಾವಿರ ಟನ್ ತರಿಸುವವನಾದರೆ ಆ 20 ಟನ್ನಿಗೂ ಲೆಕ್ಕ ಕೊಡಲೇಬೇಕು.

3. ಹೊಗೆ ಹುಟ್ಟುವುದು ಎಲ್ಲಿ?

ಬೋಲ್ಟಿನ ಕಥೆ ಮಹದೇವಪುರದಲ್ಲಿ ಶುರುವಾಗುವುದಿಲ್ಲ. ಬ್ಲಾಸ್ಟ್ ಫರ್ನೇಸಿನಲ್ಲಿ ಶುರುವಾಗುತ್ತದೆ. ನಮ್ಮ ರಾಜ್ಯದಲ್ಲಿ ಅದನ್ನು ನೋಡಬೇಕಾದರೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಹೋಗಬೇಕು. ಅಲ್ಲಿನ ಜೆಎಸ್‌ಡಬ್ಲ್ಯು ವಿಜಯನಗರ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1 ಕೋಟಿ ಟನ್ನಿಗೂ ಹೆಚ್ಚು.

ಅದಿರು ಅಂದರೆ ಕಬ್ಬಿಣದ ಆಕ್ಸೈಡ್. ಅದರಿಂದ ಆಮ್ಲಜನಕ ಕಿತ್ತು ತೆಗೆಯಬೇಕು. ಆ ಕೆಲಸವನ್ನು ಕೋಕ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಮಾಡುತ್ತದೆ. ಒಂದು ಅಣು ಫೆರಿಕ್ ಆಕ್ಸೈಡಿಗೆ ಮೂರು ಅಣು ಕಾರ್ಬನ್ ಮಾನಾಕ್ಸೈಡ್ ಬೇಕು. ಸಿಗುವುದು ಎರಡು ಪರಮಾಣು ಕಬ್ಬಿಣ, ಮೂರು ಅಣು ಇಂಗಾಲದ ಡೈಆಕ್ಸೈಡ್. ಪಿಯುಸಿಯ ಮೋಲ್ ಲೆಕ್ಕ ಹಾಕಿ. 1 ಟನ್ ಕಬ್ಬಿಣ ಅಂದರೆ 17.9 ಕಿಲೋಮೋಲ್. ಅದರ ಒಂದೂವರೆ ಪಟ್ಟು, 26.9 ಕಿಲೋಮೋಲ್ ಇಂಗಾಲದ ಡೈಆಕ್ಸೈಡ್. 44ರಿಂದ ಗುಣಿಸಿದರೆ 1,180 ಕಿಲೋ.

ಅಂದರೆ ಈ ಸಮೀಕರಣದ ದಾರಿಯಲ್ಲಿ ಹೋದರೆ, ಶಾಖಕ್ಕೆ ಬೇಕಾದ ಇಂಧನ ಬಿಟ್ಟು, ಬರೀ ರಾಸಾಯನಿಕ ಕ್ರಿಯೆಯಿಂದಲೇ ಟನ್ನಿಗೆ 1.18 ಟನ್ ಹೊಗೆ. ಮ್ಯಾನೇಜರ್ ಎಷ್ಟೇ ಜಾಣನಾದರೂ ಇದನ್ನು ಉಳಿತಾಯ ಮಾಡಲು ಆಗಲ್ಲ. ಇದರ ಮೇಲೆ ಕೋಕ್ ಒಲೆ, ಸಿಂಟರ್, ಬಿಸಿಗಾಳಿ, ರೋಲಿಂಗ್ ಎಲ್ಲ ಸೇರಿ ಭಾರತದ ಉಕ್ಕಿನ ಸರಾಸರಿ ಟನ್ನಿಗೆ ಸುಮಾರು 2.5 ಟನ್ ಆಗುತ್ತದೆ. ಜಗತ್ತಿನ ಸರಾಸರಿ ಸುಮಾರು 1.9. ವ್ಯತ್ಯಾಸಕ್ಕೆ ದೊಡ್ಡ ಕಾರಣಗಳು ಎರಡು: ನಮ್ಮಲ್ಲಿ ಗುಜರಿ ಉಕ್ಕು ಕಡಿಮೆ, ಕಲ್ಲಿದ್ದಲಿನಿಂದ ಸ್ಪಾಂಜ್ ಐರನ್ ಮಾಡುವುದು ಜಾಸ್ತಿ. ಗುಜರಿ ಕರಗಿಸುವಾಗ ಆಮ್ಲಜನಕ ಕೀಳುವ ಕೆಲಸವೇ ಇರಲ್ಲ. ಸಿಬ್ಯಾಮ್ ನಿಯಮದಲ್ಲೂ ಗುಜರಿಯ ಹಳೆಯ ಹೊಗೆ ಸೊನ್ನೆ. ನೂರು ವರ್ಷದಿಂದ ಉಕ್ಕು ಬಳಸಿದ ಯುರೋಪಿನಲ್ಲಿ ಗುಜರಿ ರಾಶಿ ಬಿದ್ದಿದೆ; ಈಗ ತಾನೇ ಸೇತುವೆ, ಮೆಟ್ರೋ ಕಟ್ಟುತ್ತಿರುವ ನಮ್ಮ ಉಕ್ಕು ಇನ್ನೂ ಐವತ್ತು ವರ್ಷ ಗುಜರಿಗೆ ಬರಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ನ್ಯಾಯದ ಪ್ರಶ್ನೆ ಬಂದಾಗ ಬೇಕಾಗುತ್ತೆ.

ಕೋಕ್ ಬದಲು ಹೈಡ್ರೋಜನ್ ಬಳಸಿದರೆ ಹೊಗೆಯ ಜಾಗದಲ್ಲಿ ನೀರಾವಿ ಬರುತ್ತದೆ. ತೋರಣಗಲ್ಲಿನಲ್ಲೇ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಸಾಮರ್ಥ್ಯದ ಯೋಜನೆ ಬಂದಿದೆ. ಇದು ಎಷ್ಟು ಕಬ್ಬಿಣಕ್ಕೆ ಸಾಕು? ಅದೇ 26.9 ಕಿಲೋಮೋಲ್, ಅಂದರೆ ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿಲೋ ಹೈಡ್ರೋಜನ್. ಭಾಗಿಸಿದರೆ ಸುಮಾರು 70,000 ಟನ್. ಕೋಟಿ ಟನ್ನಿನ ಮುಂದೆ ಇದು ನೂರಕ್ಕೆ ಒಂದೂ ಇಲ್ಲ. ಹೆಜ್ಜೆ ಒಳ್ಳೆಯದೇ, ದಾರಿ ಮಾತ್ರ ಬಹಳ ಉದ್ದ ಇದೆ.

4. ಬೋಲ್ಟಿನ ಲೆಕ್ಕ

ಈಗ ಅಂಕಲ್ ಶೆಡ್ಡಿಗೆ ಬರೋಣ. ಅಲ್ಲಿ ಆಗುವ ಕೆಲಸ: ವೈರ್ ರಾಡ್ ತರಿಸುವುದು, ಎಳೆದು ಸರಿಯಾದ ದಪ್ಪಕ್ಕೆ ತರುವುದು, ಕೋಲ್ಡ್ ಫೋರ್ಜಿಂಗ್ ಮೆಷಿನ್ನಿನಲ್ಲಿ ತಲೆ ಹೊಡೆಯುವುದು, ಥ್ರೆಡ್ ರೋಲಿಂಗ್, ಕೊನೆಗೆ ಫರ್ನೇಸಿನಲ್ಲಿ ಹಾರ್ಡನಿಂಗ್. ಮೆಷಿನ್ನುಗಳೆಲ್ಲ ಕರೆಂಟಿನವು. ಫರ್ನೇಸ್ ಮಾತ್ರ ಎಲ್‌ಪಿಜಿ.

ಪಾಠಕ್ಕಾಗಿ ಸುಲಭ ಸಂಖ್ಯೆ ಇಟ್ಟುಕೊಳ್ಳುತ್ತೇನೆ. 100 ಟನ್ ಬೋಲ್ಟಿಗೆ 105 ಟನ್ ವೈರ್ ರಾಡ್, 3 ಟನ್ ಎಲ್‌ಪಿಜಿ ಬೇಕು ಅಂದುಕೊಳ್ಳಿ. ವೈರ್ ರಾಡಿನ ಹೊಗೆ ಟನ್ನಿಗೆ 2.4 ಟನ್ ಇರಲಿ.

ಮೊದಲು ಎಲ್‌ಪಿಜಿ. ಒಂದು ಟನ್ನಿನಲ್ಲಿ 47.3 ಗಿಗಾಜೂಲ್ ಶಕ್ತಿ, ಪ್ರತಿ ಗಿಗಾಜೂಲಿಗೆ 63.1 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ ಟನ್ನಿಗೆ 2.98 ಟನ್. ಮೂರು ಟನ್ನಿಗೆ ಸುಮಾರು 9 ಟನ್. ಅಂದರೆ ಒಂದು ಟನ್ ಬೋಲ್ಟಿಗೆ 0.09.

ವೈರ್ ರಾಡ್: 1.05 ಗುಣಿಸು 2.4, ಅಂದರೆ 2.52.

ಕರೆಂಟ್: ಸೊನ್ನೆ! ಉಕ್ಕು ಮತ್ತು ಅಲ್ಯೂಮಿನಿಯಂಗೆ ಈಗ ನೇರ ಹೊಗೆಯನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ಕರೆಂಟಿನ ಹೊಗೆ ಸೇರುವುದು ಸಿಮೆಂಟ್ ಮತ್ತು ರಸಗೊಬ್ಬರಕ್ಕೆ.

ಒಟ್ಟು 2.61. ಇದರಲ್ಲಿ ಶೆಡ್ಡಿನ ಪಾಲು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ.

ಈ ಲೆಕ್ಕ ಮುಗಿದಾಗ ಅಂಕಲ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕಂದ್ರೆ ಯಾರೋ ಸಲಹೆಗಾರರ ಮಾತು ಕೇಳಿ, ಸಿಬ್ಯಾಮ್‌ಗೆ ಸಹಾಯ ಆಗುತ್ತೆ ಅಂತ ಶೆಡ್ಡಿನ ಮೇಲೆ ಸೋಲಾರ್ ಹಾಕಿಸಲು ಸಾಲದ ಅರ್ಜಿ ರೆಡಿ ಮಾಡಿದ್ದರು. ಸೋಲಾರ್‌ನಿಂದ ಕರೆಂಟ್ ಬಿಲ್ ಇಳಿಯಬಹುದು, ಭೂಮಿಗೂ ಒಳ್ಳೆಯದು. ಆದರೆ ಈ ಫಾರ್ಮಿನಲ್ಲಿ ಒಂದು ಅಂಕಿಯೂ ಬದಲಾಗಲ್ಲ. ಬದಲಾಗಬೇಕಾದರೆ ಒಂದೇ ದಾರಿ: ವೈರ್ ರಾಡ್ ಎಲ್ಲಿಂದ ಬರುತ್ತೆ ಅನ್ನುವುದು ಬದಲಾಗಬೇಕು.

5. ಹೊಗೆಯಿಂದ ದುಡ್ಡಿಗೆ

ಇಲ್ಲಿ ತುಂಬ ಜನ ತಪ್ಪು ಮಾಡುತ್ತಾರೆ. "2026ರಲ್ಲಿ ಬರೀ 2.5 ಪರ್ಸೆಂಟ್ ಕಟ್ಟಿದ್ರೆ ಸಾಕು" ಅನ್ನುವ ಮಾತು ಕೇಳಿರಬಹುದು. ಅದು ಅರ್ಧ ಸತ್ಯ.

ಯುರೋಪಿನ ಕಾರ್ಖಾನೆಗೆ ಪುಕ್ಕಟೆ ಪರವಾನಗಿ ಸಿಗುವುದು ಅದು ಬಿಟ್ಟ ಹೊಗೆಗೆ ಅಲ್ಲ, ಒಂದು ಮಾನದಂಡಕ್ಕೆ. ಆ ಸರಕಿಗೆ ಇಷ್ಟು ಹೊಗೆ ಸಾಕು ಅಂತ ಒಂದು ಅಳತೆ ಗೊತ್ತು ಮಾಡಿರುತ್ತಾರೆ. 2026ರಲ್ಲಿ ಆ ಅಳತೆಯ ಶೇ. 97.5 ಪುಕ್ಕಟೆ. ನಮ್ಮ ಸರಕಿಗೂ ಅಷ್ಟನ್ನೇ ಕಳೆಯುತ್ತಾರೆ. ಅಳತೆ ಮೀರಿದ್ದಕ್ಕೆಲ್ಲ ಮೊದಲ ದಿನದಿಂದಲೇ ಪೂರ್ತಿ ದುಡ್ಡು.

ಸೂತ್ರ ಹೀಗೆ: ಟನ್ನಿಗೆ ಕಟ್ಟಬೇಕಾದ್ದು = (ಸರಕಿನ ಹೊಗೆ − ಪುಕ್ಕಟೆ ಪಾಲು × ಮಾನದಂಡ) × ಇಂಗಾಲದ ಬೆಲೆ.

ಪುಕ್ಕಟೆ ಪಾಲು 2026ರಲ್ಲಿ ಶೇ. 97.5, 2027ರಲ್ಲಿ 95, 2028ರಲ್ಲಿ 90, 2029ರಲ್ಲಿ 77.5, 2030ರಲ್ಲಿ 51.5. 2034ಕ್ಕೆ ಸೊನ್ನೆ. 2029ರಿಂದ 2030ಕ್ಕೆ ಎಷ್ಟು ಜಾರಿದೆ ನೋಡಿ.

ಲೆಕ್ಕಕ್ಕಾಗಿ ಮಾನದಂಡ 1.4, ಇಂಗಾಲದ ಬೆಲೆ 75 ಯೂರೋ, ಒಂದು ಯೂರೋಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಜವಾದ ಮಾನದಂಡ ಉಕ್ಕು ಮಾಡುವ ದಾರಿಯ ಮೇಲೆ ಬೇರೆ ಬೇರೆ, ಬೆಲೆಯೂ ಏರಿಳಿಯುತ್ತದೆ.

ಹೊಗೆ 2.61 ಇರುವ ಬೋಲ್ಟು:
2026ರಲ್ಲಿ 2.61 − 1.365 = 1.245. ಟನ್ನಿಗೆ 93 ಯೂರೋ, ಕಿಲೋಗೆ ಸುಮಾರು ₹9.30.
2030ರಲ್ಲಿ 2.61 − 0.721 = 1.889. ಕಿಲೋಗೆ ಸುಮಾರು ₹14.20.
2034ರಲ್ಲಿ ಪೂರ್ತಿ 2.61. ಕಿಲೋಗೆ ಸುಮಾರು ₹19.60.

ಈಗ ಬೇರೆ ಗಿರಣಿಯ ವೈರ್ ರಾಡ್ ತಂದರು, ಅದರ ಹೊಗೆ 1.6 ಅಂದುಕೊಳ್ಳಿ. ಬೋಲ್ಟಿನದು 1.77 ಆಗುತ್ತದೆ. 2026ರಲ್ಲಿ ಕಿಲೋಗೆ ₹3, 2034ರಲ್ಲಿ ₹13.30. ಎರಡು ರಾಡ್‌ಗಳ ನಡುವಿನ ವ್ಯತ್ಯಾಸ ಯಾವ ವರ್ಷ ನೋಡಿದರೂ ಕಿಲೋಗೆ ₹6.30. ಅಂದರೆ ಒಂದು ಕಿಲೋ ಬೋಲ್ಟಿಗೆ ಬೇಕಾದ ಹಸಿರು ರಾಡಿಗೆ ಇಷ್ಟರವರೆಗೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಚೌಕಾಸಿ ಮಾಡಲು ಒಬ್ಬ ಸಣ್ಣ ಉದ್ಯಮಿಗೆ ಬೇಕಾದ ಸಂಖ್ಯೆ ಇದೇ.

ಲೆಕ್ಕವನ್ನೇ ಕೊಡದಿದ್ದರೆ? ಆಗ ಯುರೋಪ್ ದೇಶವಾರು ಗೊತ್ತುಮಾಡಿದ ಅಂದಾಜು ಮೌಲ್ಯ ಹಾಕುತ್ತದೆ. ಉಕ್ಕಿಗೆ ಅದರ ಮೇಲೆ 2026ರಲ್ಲಿ ಶೇ. 10, 2027ರಲ್ಲಿ 20, 2028ರಿಂದ 30 ಸೇರಿಸುತ್ತಾರೆ. ಅಂದಾಜು 3 ಇದ್ದರೆ 2028ಕ್ಕೆ 3.9 ಆಯ್ತು. ಅಳೆಯದವನಿಗೆ ದಂಡ ಅಂತಲೇ ತಿಳಿಯಿರಿ. ಅಳೆದವನಿಗೂ ಖರ್ಚಿದೆ: ನಿಜವಾದ ಅಂಕಿ ಕೊಟ್ಟರೆ ಅದನ್ನು ಮಾನ್ಯತೆ ಪಡೆದ ಪರಿಶೀಲಕರು ನೋಡಿ ಒಪ್ಪಬೇಕು. ಕೋಟಿ ಟನ್ನಿನ ಕಾರ್ಖಾನೆಗೂ ಹದಿನಾಲ್ಕು ಜನರ ಶೆಡ್ಡಿಗೂ ಒಂದೇ ನಿಯಮ.

6. ಆಫ್ರಿಕಾದಲ್ಲೂ ಇದೇ ಕಥೆ

ಇದು ನಮ್ಮೊಬ್ಬರ ಕಷ್ಟ ಅಲ್ಲ. ಮೊಜಾಂಬಿಕ್‌ನ ರಾಜಧಾನಿ ಮಪುಟೊ ಹತ್ತಿರ 2000ದಲ್ಲಿ ಶುರುವಾದ ಮೊಜಾಲ್ ಅಲ್ಯೂಮಿನಿಯಂ ಕಾರ್ಖಾನೆ ಆ ದೇಶದ ದೊಡ್ಡ ರಫ್ತುದಾರ ಆಗಿತ್ತು. ಅದರ ದೊಡ್ಡ ಗಿರಾಕಿ ಯುರೋಪ್ ಆಗಿತ್ತು. ಅದಕ್ಕೆ ಆಧಾರವಾಗಿದ್ದು ಕಹೋರಾ ಬಸ್ಸಾ ಅಣೆಕಟ್ಟಿನ ಜಲವಿದ್ಯುತ್. ಅಲ್ಯೂಮಿನಿಯಂ ಅಂದರೆ ಕರೆಂಟ್ ಕುಡಿಯುವ ಲೋಹ. ಜಲವಿದ್ಯುತ್ತಿನಿಂದ ಮಾಡಿದ್ದಕ್ಕೆ ಹೊಗೆ ತುಂಬ ಕಡಿಮೆ. ಆದರೆ ಮೇಲೆ ಹೇಳಿದ ನಿಯಮ ನೆನಪಿದೆಯಲ್ಲ? ಕರೆಂಟಿನ ಹೊಗೆ ಲೆಕ್ಕಕ್ಕಿಲ್ಲ. ಹಾಗಾಗಿ ಕಲ್ಲಿದ್ದಲಿನ ಕರೆಂಟಿನಲ್ಲಿ ಮಾಡಿದ ಅಲ್ಯೂಮಿನಿಯಂನ ಎದುರು ನೀರಿನ ಕರೆಂಟಿಗೆ ಸಿಗಬೇಕಾದ ಲಾಭ ಈ ತೆರಿಗೆಯಲ್ಲಿ ಸಿಗುವುದಿಲ್ಲ. ನಮ್ಮ ಅಂಕಲ್ ಸೋಲಾರ್ ಕಥೆಯೇ ದೊಡ್ಡದಾಗಿ.

ದಕ್ಷಿಣ ಆಫ್ರಿಕಾ ಬೇರೆ ದಾರಿ ಹಿಡಿಯಿತು. 2019ರ ಜೂನ್ 1ರಿಂದ ತನ್ನದೇ ಇಂಗಾಲ ತೆರಿಗೆ ತಂದಿತು, ಟನ್ನಿಗೆ 120 ರ‍್ಯಾಂಡ್‌ನಿಂದ ಶುರು. ಸಿಬ್ಯಾಮ್ ಕಾನೂನಿನಲ್ಲಿ ಒಂದು ಕಲಮು ಇದೆ: ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆಯಬಹುದು. ಹೇಗೂ ಕಟ್ಟಬೇಕಾದ ದುಡ್ಡು ಬ್ರಸೆಲ್ಸ್‌ಗೆ ಹೋಗುವ ಬದಲು ಸ್ವಂತ ಬೊಕ್ಕಸಕ್ಕೆ ಹೋಗಲಿ ಎಂಬ ಯೋಚನೆ ಇದು. ಆದರೆ ಅಲ್ಲಿ ರಿಯಾಯಿತಿಗಳು ಬಹಳ ಇರುವುದರಿಂದ ಕಾರ್ಖಾನೆಗಳು ನಿಜವಾಗಿ ಕಟ್ಟುವುದು ಕಡಿಮೆ. ಕಳೆಯಲು ಸಿಗುವುದೂ ನಿಜವಾಗಿ ಕಟ್ಟಿದ್ದಷ್ಟೇ.

ನ್ಯಾಯದ ಪ್ರಶ್ನೆ ಇಲ್ಲಿ ಬರುತ್ತೆ. ಭಾರತದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಯುರೋಪಿಯನ್ ಒಕ್ಕೂಟದಲ್ಲಿ 5ರಿಂದ 6 ಟನ್. ಆಫ್ರಿಕಾದ ಎಷ್ಟೋ ದೇಶಗಳಲ್ಲಿ 1 ಟನ್ನೂ ಇಲ್ಲ. 1992ರ ಹವಾಮಾನ ಒಪ್ಪಂದದಲ್ಲಿ ಹೊಣೆ ಎಲ್ಲರದ್ದೂ ಆದರೆ ಅವರವರ ಶಕ್ತಿ, ಇತಿಹಾಸಕ್ಕೆ ತಕ್ಕಂತೆ ಅಂತ ಎಲ್ಲರೂ ಒಪ್ಪಿದ್ದರು. ಗಡಿಯಲ್ಲಿ ಎಲ್ಲರಿಗೂ ಒಂದೇ ದರ ಹಾಕುವುದು ಆ ಮಾತಿಗೆ ಹೊಂದುವುದಿಲ್ಲ ಅನ್ನುವುದು ಭಾರತದ ವಾದ. ಇನ್ನೊಂದು ಕಡೆಯಿಂದಲೂ ನೋಡಿ: ಗಡಿಯಲ್ಲಿ ಏನೂ ಇಲ್ಲದಿದ್ದರೆ ಹೊಗೆ ಕಡಿಮೆ ಮಾಡಿದ ಕಾರ್ಖಾನೆಯೇ ಸೋಲುತ್ತದೆ. ಎರಡೂ ನಿಜ. ನನಗೆ ಅನ್ನಿಸಿದ್ದು ಇಷ್ಟು: ಅಳತೆ ಇರಲಿ, ಆದರೆ ವಸೂಲಾದ ದುಡ್ಡು ಅದನ್ನು ತೆತ್ತ ದೇಶಗಳ ಫರ್ನೇಸ್ ಬದಲಿಸಲು ವಾಪಸ್ ಬರಬೇಕು. ಈಗಿನ ಕಾನೂನಿನಲ್ಲಿ ಆ ಭರವಸೆ ಇಲ್ಲ.

7. ನಮ್ಮಲ್ಲಿ ಏನಾಗಿದೆ?

ಎರಡು ವಿಷಯ ಗೊತ್ತಿರಬೇಕು. ಒಂದು, ಭಾರತದ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಯೋಜನೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ, 2023ರ ಜೂನ್‌ನಲ್ಲಿ ಯೋಜನೆಯ ಅಧಿಸೂಚನೆ. 2025ರ ಅಕ್ಟೋಬರ್‌ನಲ್ಲಿ ಅಲ್ಯೂಮಿನಿಯಂ, ಸಿಮೆಂಟ್ ಮುಂತಾದ ಉದ್ಯಮಗಳಿಗೆ ಮೊದಲ ಗುರಿಗಳು ಬಂದವು. ಇಲ್ಲಿ ಕಾರ್ಖಾನೆ ಕಟ್ಟುವುದು ಗುರಿ ಮೀರಿದ ಹೊಗೆಗೆ ಮಾತ್ರ. ಹಾಗಾಗಿ ಯುರೋಪಿನ ಬಿಲ್ಲಿನಲ್ಲಿ ಕಳೆಯಲು ಸಿಗುವ ಮೊತ್ತವೂ ಅಷ್ಟಕ್ಕಷ್ಟೇ.

ಎರಡು, ಹಸಿರು ಉಕ್ಕಿನ ವರ್ಗೀಕರಣ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಪ್ರಕಟಿಸಿತು. ಟನ್ನಿಗೆ 2.2ಕ್ಕಿಂತ ಕಡಿಮೆ ಇದ್ದರೆ ಹಸಿರು, 2.0ರಿಂದ 2.2 ಮೂರು ನಕ್ಷತ್ರ, 1.6ರಿಂದ 2.0 ನಾಲ್ಕು, 1.6ಕ್ಕಿಂತ ಕೆಳಗೆ ಐದು. ರಾಡ್ ಕೊಳ್ಳುವಾಗ ಕೇಳಲು ಇದೊಂದು ಒಳ್ಳೆಯ ಆಧಾರ. ಆದರೆ ಹುಷಾರು: ಈ ನಕ್ಷತ್ರದ ಲೆಕ್ಕದಲ್ಲಿ ಕರೆಂಟಿನ ಹೊಗೆಯೂ ಸೇರುತ್ತೆ, ಸಿಬ್ಯಾಮ್‌ನಲ್ಲಿ ಸೇರಲ್ಲ. ಆ ಸಂಖ್ಯೆಯನ್ನು ಹಾಗೇ ಯುರೋಪಿನ ಫಾರ್ಮಿಗೆ ಬರೆಯುವಂತಿಲ್ಲ. ಗಿರಣಿಯಿಂದ ನೇರ ಹೊಗೆಯ ಅಂಕಿಯನ್ನೇ ಪ್ರತ್ಯೇಕ ಕೇಳಬೇಕು.

8. ಕೊನೆಗೆ ಏನಾಯ್ತು?

ನಾನೂ ಅಂಕಲ್ಲೂ ಸೇರಿ ಶೆಡ್ಡಿನ ಭಾಗ ಪೂರ್ತಿ ತುಂಬಿದೆವು. ಎಲ್‌ಪಿಜಿ ಬಿಲ್ಲುಗಳು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನವಾಗಿದ್ದವು. ಅದು ಸುಲಭವಾಯ್ತು. ವೈರ್ ರಾಡಿನ ಅಂಕಿಗೆ ಬಂದಾಗ ಸಿಕ್ಕಿಹಾಕಿಕೊಂಡೆವು. ಅವರು ರಾಡ್ ತರುವುದು ಗಿರಣಿಯಿಂದ ಅಲ್ಲ, ಸ್ಟಾಕಿಸ್ಟ್ ಹತ್ತಿರ. ಒಂದು ಲಾಟ್ ಒಂದು ಗಿರಣಿಯದು, ಮುಂದಿನದು ಇನ್ನೊಂದರದ್ದು. "ಟೆಸ್ಟ್ ಸರ್ಟಿಫಿಕೇಟ್ ಕೊಡ್ತೀನಿ ಸಾರ್, ಹೊಗೆ ಸರ್ಟಿಫಿಕೇಟ್ ಎಲ್ಲಿಂದ ತರ್ಲಿ?" ಅಂತ ಸ್ಟಾಕಿಸ್ಟ್ ನಕ್ಕುಬಿಟ್ಟರು. ಅವರ ತಪ್ಪೇನೂ ಇಲ್ಲ, ಇಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಈಗ ಅಂಕಲ್ ಅದೇ ಏರಿಯಾದ ಇನ್ನೂ ನಾಲ್ಕು ಶೆಡ್ಡಿನವರ ಜೊತೆ ಮಾತಾಡಿದ್ದಾರೆ. ಐದೂ ಜನ ಸೇರಿ ಒಂದೇ ಗಿರಣಿಯಿಂದ ರಾಡ್ ತರಿಸಿದರೆ, ಹೀಟ್ ನಂಬರ್ ಜೊತೆಗೆ ಹೊಗೆಯ ಅಂಕಿಯನ್ನೂ ಬರೆದುಕೊಡಿ ಅಂತ ಕೇಳುವಷ್ಟು ಟನ್ನೇಜ್ ಆಗುತ್ತೆ. ಜರ್ಮನಿಯವರು ಮೂರು ತಿಂಗಳು ಟೈಮ್ ಕೊಟ್ಟಿದ್ದಾರೆ. ಸೋಲಾರ್ ಸಾಲದ ಅರ್ಜಿ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದಾರೆ.

ಗೆಳೆಯರೇ, ಪೀಣ್ಯದಲ್ಲಿ, ಮಹದೇವಪುರದಲ್ಲಿ, ಬೆಳಗಾವಿಯಲ್ಲಿ ಇಂಥ ಶೆಡ್ಡುಗಳು ಬೇಕಾದಷ್ಟಿವೆ. ಅವರಿಗೆಲ್ಲ ಇಂಥ ಎಕ್ಸೆಲ್ ಫೈಲು ಬರುತ್ತೆ, ಕೆಲವರಿಗೆ ಆಗಲೇ ಬಂದಿರುತ್ತೆ. ಅದನ್ನು ತುಂಬಲು ಬೇಕಾದ್ದು ಮೋಲ್ ಲೆಕ್ಕ, ಇಂಧನದ ಶಕ್ತಿ, ಮಟೀರಿಯಲ್ ಬ್ಯಾಲೆನ್ಸ್. ಮೂರೂ ನಾವು ಎರಡನೇ ಸೆಮಿಸ್ಟರ್ ಒಳಗೇ ಓದಿ ಪರೀಕ್ಷೆ ಬರೆದು ಮರೆತದ್ದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ನಿಮ್ಮ ಮನೆ ಹತ್ತಿರದ ಒಂದು ಶೆಡ್ಡಿಗೆ ಹೋಗಿ, ಒಂದು ವರ್ಷದ ಗ್ಯಾಸ್ ಬಿಲ್ಲು, ಕಚ್ಚಾಮಾಲಿನ ಬಿಲ್ಲು ಕೇಳಿ ನೋಡಿ. ಟೀ ಕೊಟ್ಟು ಕೂರಿಸಿಕೊಂಡು ತೋರಿಸುತ್ತಾರೆ.